ಮೂರನೇ ಕಿಟಕಿ

ಒಂದನೇ ಕಿಟಕಿಯಲ್ಲಿ ನೀರಿನ ಬಿಲ್ಲು,
ಎರಡರಲ್ಲಿ ನಾಯಿ ಲೈಸೆನ್ಸು,
ಮೂರರಲ್ಲಿ ನಾನು. ಮಂಗಳವಾರ, ಗುರುವಾರ,
ಒಂಬತ್ತರಿಂದ ಮೂರೂವರೆ.
ಗಾಜಿಗೆ ಅಂಟಿಸಿದ ಹಾಳೆಯಲ್ಲಿ ದಪ್ಪಕ್ಷರ:
ಪಾಸ್‌ಪೋರ್ಟ್ ಅರ್ಜಿಗಳನ್ನು ಇಲ್ಲಿ ಸ್ವೀಕರಿಸಲಾಗುವುದು.
ಕೆಳಗೆ ಯಾರೋ ಪೆನ್ಸಿಲ್ಲಿನಲ್ಲಿ: ಅಂತೂ ಇಂತೂ.

ಹೋದ ವರ್ಷದವರೆಗೆ ವೆಲ್ಡನ್ ಫೋರ್ಕಿನವರು
ಇದಕ್ಕೆಂದು ಐವತ್ತೆರಡು ಮೈಲಿ ಹೋಗಬೇಕಿತ್ತು,
ನೆಬ್ರಾಸ್ಕದ ಜೋಳದ ನಡುವೆ, ಒಂದೇ ಒಂದು ತಿರುವಿನ ರಸ್ತೆ.
ಕೌನ್ಸಿಲ್ಲಿನಲ್ಲಿ ಪರ ಮೂರು, ವಿರುದ್ಧ ಎರಡು.
"ಈ ಊರಿನವರು ಹೋಗುವುದಾದರೂ ಎಲ್ಲಿಗೆ?"
ಎಂದು ಕೈ ಬೀಸಿದ್ದ ಗೊಬ್ಬರದಂಗಡಿ ವರ್ನ್ ಕ್ಲೋಪ್ಫರ್
ಮೊದಲ ಗುರುವಾರ ಎಲ್ಲರಿಗಿಂತ ಮುಂಚೆ ಬಂದ.
ಹಿಂದೆ ನಿಂತ ಹೆಂಡತಿ ನನ್ನತ್ತ ಕಣ್ಣು ಮಿಟುಕಿಸಿದಳು.

ಗೋಡೆಗೆ ಬಿಳಿ ಪರದೆ. ಕನ್ನಡಕ ತೆಗೆಯಿರಿ ಅನ್ನುತ್ತೇನೆ.
ಬಾಯಲ್ಲಿ ಇಂಗ್ಲಿಷು. ಒಳಗೆ, ಇಪ್ಪತ್ತೆರಡು ವರ್ಷದ ಮೇಲೂ,
ಅದು ಕನ್ನಡಕವೇ.
ತೆಗೆದ ಮುಖ ಒಂದು ಗಳಿಗೆ ಬೇರೆ ಯಾರದೋ:
ಮೂಗಿನ ಇಕ್ಕೆಲದಲ್ಲಿ ಗುಳಿ,
ಕ್ಯಾಮೆರಾ ಎಲ್ಲಿದೆಯೋ ಕಾಣದೆ
ನನ್ನ ದನಿ ಬಂದ ಕಡೆ ನೋಡುತ್ತಾರೆ.

ಒಂದು ದಿನ ಮೂರು ವಾರದ ಕೂಸು.
ಕಣ್ಣು ತೆರೆದಿರಬೇಕು, ನಿಯಮ.
ಕೌಂಟರಿನ ಮೇಲೆ ಬಿಳಿ ದುಪ್ಪಟಿ ಹಾಸಿ ಮಲಗಿಸಿದೆವು.
ನೀರಿನ ಬಿಲ್ಲಿನ ಡಾರ್ಲಾ ಬೀಗದ ಕೈ ಗೊಂಚಲು ಕುಣಿಸಿದಳು.
ಲೈಸೆನ್ಸಿಗೆ ಬಂದವ ಬೌ ಬೌ ಎಂದ; ಅವನ ನಾಯಿ ಸುಮ್ಮನಿತ್ತು.
ನಲವತ್ತನೇ ನಿಮಿಷಕ್ಕೆ ಕೂಸು ಕಣ್ಣು ಬಿಟ್ಟು
ನಮ್ಮೆಲ್ಲರನ್ನೂ ಒಮ್ಮೆ ಪರಿಶೀಲಿಸಿತು,
ದಾಖಲೆ ಸಾಲದು ಎಂಬಂತೆ.

ಹದಿನಾರು ತುಂಬದವರಿಗೆ ಅಪ್ಪ ಅಮ್ಮ ಇಬ್ಬರೂ ಎದುರಿಗಿರಬೇಕು.
ಆಕೆ ಬೆಂಚಿನ ಈ ತುದಿಗೆ, ಆತ ಆ ತುದಿಗೆ,
ಮಧ್ಯೆ ಹನ್ನೊಂದರ ಹುಡುಗ, ಅಜ್ಜಿಯೊಡನೆ ನಾರ್ವೆಗೆ ಹೊರಟವನು,
ಇಬ್ಬರ ಕೋಟನ್ನೂ ತೊಡೆಯ ಮೇಲಿಟ್ಟುಕೊಂಡು.
ಕಪ್ಪು ಶಾಯಿಯ ಪೆನ್ನು ಇದ್ದದ್ದು ಒಂದೇ.
ಆಕೆ ರುಜು ಮಾಡಿ ಪೆನ್ನನ್ನು ಕೌಂಟರಿನ ಮೇಲಿಟ್ಟಳು,
ಅವನ ಕೈಗೆ ಕೊಡಲಿಲ್ಲ.
ಎತ್ತಿಕೊಂಡ. ಇನ್ನೂ ಬೆಚ್ಚಗಿತ್ತೇನೋ, ತಡೆದ.
"ಹಲ್ಲಿನ ತಂತಿ ಬಿಚ್ಚಿಸಿದ್ದು ಯಾವಾಗ?"
"ಸೋಮವಾರ."
ಅದಕ್ಕೆ ಅರ್ಜಿಯಲ್ಲಿ ಕಾಲಂ ಇಲ್ಲ.

ಮೊದಲೇ ರುಜು ಹಾಕಿ ತಂದವರಿಗೆ ಹೊಸ ಹಾಳೆ ಕೊಡುತ್ತೇನೆ.
ನನ್ನ ಕಣ್ಣೆದುರೇ ಆಗಬೇಕು ಅದು.
ಬಲಗೈ ಎತ್ತಿ, ಬರೆದದ್ದೆಲ್ಲ ನಿಜವೇ?
ವರ್ನ್ ಎತ್ತಿದ ಕೈಯಲ್ಲಿ ಎರಡು ಬೆರಳಿರಲಿಲ್ಲ,
ಕೊಯ್ಲಿನ ಯಂತ್ರ ತಿಂದದ್ದು.
ಅವನು ಹುಟ್ಟಿದ ಆಸ್ಪತ್ರೆ ಈ ಬೀದಿಯ ಕೊನೆಗೇ ಇತ್ತು,
ಈಗ ಟೈರಿನ ಅಂಗಡಿ. ಅವನನ್ನು ನಾನು ಕೇಳಬೇಕು,
ಇಲ್ಲಿಯವನೆಂಬುದಕ್ಕೆ ಏನಿದೆ ನಿನ್ನ ಬಳಿ?
ನನ್ನನ್ನು! ಒಮಾಹಾದ ಸಭಾಂಗಣದಲ್ಲಿ ಕೈ ಎತ್ತಿದಾಗ
ಬಳೆ ಮೊಣಕೈವರೆಗೆ ಜಾರಿ ಝಲ್ಲೆಂದು
ನ್ಯಾಯಾಧೀಶೆ ತಲೆಯೆತ್ತಿದ್ದಳು.
ಎದೆಯ ಬಿಲ್ಲೆಯಲ್ಲಿ ಅಂಬುಜಾಕ್ಷಿ ಎಂದಿದೆ.
ಓದಲು ಹೋಗಿ ಅರ್ಧಕ್ಕೆ ನಿಲ್ಲಿಸಿ, "ಸರಿ ಮೇಡಂ," ಎಂದ ವರ್ನ್,
"ನಿಜ."

ಲೊರೇನ್ ಹೂಪ್ಟ್, ಎಂಬತ್ನಾಲ್ಕು.
ಹಿಮಪಾತದ ರಾತ್ರಿ ಅಡುಗೆಮನೆಯಲ್ಲಿ ಹುಟ್ಟಿದವಳು,
ಬರೆದುಕೊಳ್ಳಬೇಕಾದವ ಬರಲಿಲ್ಲ.
ರಾಜ್ಯ ಕಚೇರಿಯ ಪತ್ರ: ದಾಖಲೆ ದೊರೆತಿಲ್ಲ.
ಮಡಿಸಿ ಮಡಿಸಿ ಬಟ್ಟೆಯಂತಾದ ಅದರ ಜೊತೆಗೆ
ಶಾಲೆಯ ರಿಜಿಸ್ಟರಿನ ನಕಲು,
ಅಪ್ಪನ ಕೈಬರಹವಿದ್ದ ಬೈಬಲ್ಲಿನ ಮೊದಲ ಹಾಳೆ:
ಹುಡುಗಿ. ಗಾಳಿ ವಾಯವ್ಯದಿಂದ. ಎರಡು ಕರು ಸತ್ತವು.
ಸಾಕಾಗುತ್ತದೆಯೇ, ಕೇಳಿದಳು.
ಹೇಳುವವಳು ನಾನಲ್ಲ, ಕಳಿಸುವವಳು ಅಷ್ಟೇ.
ಭಾವಚಿತ್ರದ ನಾಲ್ಕು ಮೂಲೆಗೆ
ನಾಲ್ಕು ಪಿನ್ನು ಹೊಡೆದೆ, ಕೆನ್ನೆಗೆ ತಾಗದಂತೆ.

ಎಲ್ಲಿಗೆ ಪ್ರಯಾಣ? ಆ ಜಾಗ ಖಾಲಿ.
"ಇನ್ನೂ ನೋಡಬೇಕು," ಎಂದಳು,
ಚೀಲ ಹೆಗಲಿಗೇರಿಸಿ
ಒಂದನೇ ಕಿಟಕಿಯ ಸರತಿಗೆ ಹೋಗಿ ನಿಂತಳು.
ನೀರಿನ ಬಿಲ್ಲಿಗೆ ಇವತ್ತೇ ಕೊನೇ ದಿನ.