ಬಳಕೆ ಪ್ರಮಾಣಪತ್ರ

ಮಾನ್ಯರೇ,
ನೀವು ಕೊಟ್ಟ ಎಂಟು ಸಾವಿರ ರೂಪಾಯಿಗೆ
ಒಂದು ಗಡಿಯಾರ ಮಾಡಿದ್ದೇವೆ.
ಮುಳ್ಳಿಲ್ಲ ಅದಕ್ಕೆ. ಮುಳ್ಳಿನ ಜಾಗದಲ್ಲಿ
ದಿನಕ್ಕೊಂದು ಮಗು ನಿಲ್ಲುತ್ತದೆ.

ಅರ್ಜಿಯಲ್ಲಿ ‘ನಿರೀಕ್ಷಿತ ಫಲಿತಾಂಶ’ ಎಂಬ ಖಾನೆಯಿತ್ತು,
ಎರಡು ಗೆರೆಯಷ್ಟು ಜಾಗ.
‘ನೆರಳು’ ಎಂದು ಬರೆದು, ಹೊಡೆದುಹಾಕಿ,
‘ಕಾಲದ ಪರಿಕಲ್ಪನೆ ಗಟ್ಟಿಯಾಗುವುದು’ ಎಂದು ತಿದ್ದಿದೆ.
ಕ್ಷಮಿಸಿ. ಮೊದಲಿನದೇ ನಿಜ.

ಶಹಾಬಾದಿನಾಚೆ ನಮ್ಮ ಶಾಲೆ.
ಇಲ್ಲಿ ಯಾವುದಕ್ಕೆ ಬಡತನವಿದ್ದರೂ
ಬಿಸಿಲಿಗಿಲ್ಲ, ಫರಸಿಗಿಲ್ಲ:
ಹಾದಿಗೆ ಫರಸಿ, ಬೇಲಿಗೆ ಫರಸಿ, ಮಾಡಿಗೂ ಫರಸಿ,
ಸತ್ತವರ ತಲೆದೆಸೆಗೂ ಫರಸಿ.
ಅಂಚು ಮುರಿದ ಹಾಸುಗಳನ್ನು ಖಣಿಯವರು ಹಾಗೇ ಕೊಟ್ಟರು.
ಹಾಗೇ ಕೊಟ್ಟದ್ದಕ್ಕೆ ರಸೀದಿ ಇರುವುದಿಲ್ಲ, ಮಾನ್ಯರೇ;
ಮೂರು ಸಲ ಕೇಳಿದಿರಿ, ಮೂರು ಸಲ ಬರೆದೆ.

ಟೆಂಪೋ ಬಾಡಿಗೆಗೆ ಚೀಟಿಯಿದೆ, ಬೀಡಿಕಟ್ಟಿನ ಕಾಗದದ ಮೇಲೆ.
ನೂಲು, ಮೊಳೆ, ಸುಣ್ಣ: ಲಗತ್ತಿಸಿದೆ.
ಅಂಕಿ ಕೆತ್ತಿದ ಕೂಲಿ, ಮಶಾಕಸಾಬ,
ಎರಡು ಸಾವಿರ: ಹೆಬ್ಬೆಟ್ಟು.

ಮಶಾಕಸಾಬನಿಗೆ ಅಂಕಿ ಬರುವುದಿಲ್ಲ, ಅಳತೆ ಬರುತ್ತದೆ.
ಕಲ್ಲು ಬಡಿದು, ಕಿವಿಯಿಟ್ಟು,
ಎಲ್ಲಿ ಸೀಳೀತೆಂದು ಹೇಳಬಲ್ಲ.
ನಾನು ಬರೆದುಕೊಟ್ಟ ಹಾಗೆ ಕೆತ್ತಿದ.
ಒಂಬತ್ತರ ಕೊಂಡಿ ನನ್ನ ಕೈಯಲ್ಲೇ ಮಸುಕಾಗಿತ್ತೇನೋ,
ಅಲ್ಲೂ ೬ ಮೂಡಿತು. ಕಲ್ಲಿಗೆ ರಬ್ಬರಿಲ್ಲ.
ಹೀಗಾಗಿ ನಮ್ಮಲ್ಲಿ ದಿನಕ್ಕೆ ಮೂರು ಸಲ ಆರು ಗಂಟೆ.

ದೇವಿಂದ್ರ ದಿನಾ ತಡ.
ಯಾಕೋ ಎಂದರೆ ಮೊದಲು
ಹೆಬ್ಬೆರಳಲ್ಲಿ ನೆಲ ಕೆದರುತ್ತಿದ್ದ.
ಈಗ ತಾನೇ ಹೋಗಿ ಕಲ್ಲಿನ ಮೇಲೆ ನಿಲ್ಲುತ್ತಾನೆ:
“ನೋಡ್ರಿ ಟೀಚರ್, ನೆಳ್ಳು ಇನ್ನಾ ಹತ್ತಕ್ಕ ಮುಟ್ಟಿಲ್ಲ.
ಗಂಟಿ ಹೊಡದವರ್ದು ತಪ್ಪು. ನಾ ಬರೋಬರಿ ಬಂದೀನಿ.”

ಲೆಕ್ಕ ಹಾಕಿದೆವು, ಕಪ್ಪುಹಲಗೆ ತುಂಬ.
ಅವನದು ಸರಿ.
ದೇಶದ ಹೊತ್ತಿಗಿಂತ ನಮ್ಮ ಬಿಸಿಲು
ಇಪ್ಪತ್ತು ಚಿಲ್ಲರೆ ನಿಮಿಷ ಹಿಂದೆ.
ದೇಶದ ಗಡಿಯಾರ ಎಲ್ಲೋ ಮೂಡಣದಲ್ಲಿ ನಿಂತಿದೆ;
ಸೂರ್ಯ ನಮ್ಮ ತನಕ ನಡೆದು ಬರಬೇಕಲ್ಲ.
ಗುಣಾಕಾರವೆಂದರೆ ಅಳುತ್ತಿದ್ದವರು
ಅವತ್ತು ಊಟದ ಗಂಟೆಗೂ ಏಳಲಿಲ್ಲ.
ಅಂದಿನಿಂದ ದೇವಿಂದ್ರನ ಹಾಜರಿ
ಊರ ಬಿಸಿಲಿನ ಪ್ರಕಾರವೇ ಹಾಕುತ್ತಿದ್ದೇನೆ.
ಬಿಇಓ ಸಾಹೇಬರಿಗೆ ಇದನ್ನು ತಿಳಿಸಬೇಡಿ.

ನಿಮ್ಮವರು ನೋಡಲು ಬಂದ ದಿನ ಮೋಡ.
ಮಕ್ಕಳು ಫೋಟೋಕ್ಕೆ ಸುತ್ತ ನಿಂತರು.
“ಎಷ್ಟು ಗಂಟೆ ತೋರಿಸ್ತಿದೆ?” ಎಂದರವರು.
ಅಂಬಿಕಾ ಹೇಳಿದಳು,
“ಇವತ್ತ ಸೂಟಿ ಅದರಿ ಅದಕ್ಕ.”
‘ಕಾರ್ಯನಿರ್ವಹಿಸುತ್ತಿಲ್ಲ’ ಎಂದು ನಿಮ್ಮ ತಖ್ತೆಯಲ್ಲಿ ನಮೂದಾಗಿದೆ.
ಅದಕ್ಕೇ ಈ ಪತ್ರ.

ಮತ್ತೊಂದು ಮಾತು.
ಹೋದ ವಾರ ಮಶಾಕಸಾಬ ಕರೆಯದೇ ಬಂದ,
ಉಳಿ, ಸುತ್ತಿಗೆ, ನೀರಿನ ಬಾಟಲಿ.
ಮಗಳು ತಾಹೇರಾ, ರೊಟ್ಟಿ ಬಡಿಯುವ ಹಿಟ್ಟಿನಲ್ಲಿ
ಎರಡೂ ಅಂಕಿ ಬೆರಳಲ್ಲಿ ಬರೆದು ತೋರಿಸಿದ್ದಳಂತೆ.
ಕುಕ್ಕರುಗಾಲಲ್ಲಿ ಕೂತು ಕೊಂಡಿ ಕೆತ್ತಿದ,
ಊದಿದ, ಅಂಗೈಯಲ್ಲಿ ಒರೆಸಿದ.
“ಈಗ ಒಂಬತ್ತು.”
ಪಕ್ಕದ ಹಾಸಿಗೆ ಸರಿದು, “ಇದೇನ್ರಿ?”
ಹತ್ತು, ಎಂದೆ.
“ಇದು?”
ಹಾಗೇ ಕೂತು ಕೂತು ಹನ್ನೆರಡರ ತನಕ ಬಂದ.
ಆಮೇಲೆ ಎದ್ದು, ಮಕ್ಕಳು ನಿಲ್ಲುವಲ್ಲಿ ನಿಂತು,
ತನ್ನ ಕಾಲ ಬುಡದ ಗಿಡ್ಡ ನೆರಳನ್ನು ನೋಡಿ
ನಮಾಜಿಗೆ ಹೊತ್ತಾಯಿತೆಂದು ಹೊರಟ.

ಇದಕ್ಕೆ ಕೂಲಿ ತೆಗೆದುಕೊಂಡಿಲ್ಲ.
ಆದ್ದರಿಂದ ಲೆಕ್ಕದಲ್ಲಿ ಬಂದಿಲ್ಲ.

ಉಳಿಕೆ ನೂರಾ ನಲವತ್ತು ರೂಪಾಯಿ
ವಾಪಸು ಕಳಿಸಿದ್ದೇನೆ.
ಬಿಸಿಲಿದ್ದಾಗ ಇನ್ನೊಮ್ಮೆ ಬನ್ನಿ.
ಚಪ್ಪಲಿ ಬಿಡಬೇಡಿ,
ಕಲ್ಲು ಕಾದಿರುತ್ತದೆ.