ನಲವತ್ತೆರಡು ಇಂಚು

ಲಿಯಾಂಡರ್ ಗೋಡೆಗೆ ಹಳೆಯ ಪತ್ರಿಕೆ ಅಂಟಿಸಿದ್ದಾನೆ,
ಮೂಲೆಯಿಂದ ಮೂಲೆಗೆ ನಲವತ್ತೆರಡು ಇಂಚು.
ಐವತ್ತರದು ಕಿಟಕಿಯನ್ನೇ ನುಂಗುತ್ತಿತ್ತು,
ಜೇಬನ್ನೂ.

ಮೂರು ಸಂಜೆಯಿಂದ ಇಬ್ಬರೂ ಸೋಫಾದಲ್ಲಿ ಕೂತು
ಅದನ್ನೇ ನೋಡುತ್ತಿದ್ದಾರೆ:
ಕಾಡ್ ಮೀನಿನ ದರ, ಯಾರದೋ ಮರಣವಾರ್ತೆ,
ಸೇಂಟ್ ಜಾನ್ಸ್ ಬಂದರಿನ ಬಾಯಿಗೆ ಬಂದು ನಿಂತ ನೀರ್ಗಲ್ಲು.

"ಏಳುನೂರಿಪ್ಪತ್ತು ಗೆರೆ ಸಾಕಂತೆ, ಇಷ್ಟು ದೂರಕ್ಕೆ.
ಸಾವಿರದೆಂಬತ್ತಕ್ಕೆ ಇನ್ನೂ ಮುನ್ನೂರು ಡಾಲರ್."
"ನನ್ನ ಕಣ್ಣಿನ ಪೊರೆಗೆ ಎಷ್ಟು ಗೆರೆ?" ಎಂದಳು ಫಿಲೊಮಿನಾ.

ಹಳೆ ಡಬ್ಬಿಯಲ್ಲಿ ಐಸ್ ಹಾಕಿಯ ಪಕ್
ಒಂದು ದಿನವೂ ಕಂಡದ್ದಿಲ್ಲ.
ಜನ ಕೂಗಿದರೆ ಗೋಲು;
ಕೂಗದಿದ್ದರೆ ಇಬ್ಬರಿಗೂ ಜಗಳ,
ಇಪ್ಪತ್ತಾರು ಚಳಿಗಾಲ.

ಅವನು ದುಡ್ಡೆಣಿಸಿದ, ಮತ್ತೆ ಎಣಿಸಿದ.
ಅವಳೆದ್ದು, ಅಂಟು ಬಿಟ್ಟ ಮೂಲೆಯನ್ನು
ಹೆಬ್ಬೆರಳಿನಿಂದ ಒತ್ತಿದಳು:
"ತಾ. ಪಕ್ ಕಾಣಲಿ.
ಜಗಳಕ್ಕೆ ಬೇರೆ ಸಿಗುತ್ತೆ."