ಹ್ಯಾಂಬರ್ಗಿನಲ್ಲಿ ಹನ್ನೊಂದು ತಾಸು

ಕ್ಯಾಲೆಂಡರಿನಿಂದ ಜೂನ್ ಹರಿದು ಅದರ ಬೆನ್ನಿಗೆ ಬರೆಯುತ್ತಿದ್ದೇನೆ.
ಆಗಸ್ಟಿನ ಒಂದು ಶನಿವಾರ ನಡುರಾತ್ರಿ ಹಡಗು ಹ್ಯಾಂಬರ್ಗು ಮುಟ್ಟುತ್ತದೆ,
ಭಾನುವಾರ ಹನ್ನೊಂದಕ್ಕೆ ಬಿಡುತ್ತದೆ,
ಅಂದೆ ನೀನು, ಸಾರಿನ ಬಟ್ಟಲಿನಿಂದ ತಲೆಯೆತ್ತದೆ,
ಬಿಣಗಾ ಬಸ್ಸಿನ ಟೈಮು ಹೇಳುವವರ ಹಾಗೆ.

ಬೋಟುಗಳೆಲ್ಲ ಬೈತಖೋಲದಲ್ಲಿ ಹಗ್ಗ ಬಿಗಿದುಕೊಂಡು ಕೂತ ತಿಂಗಳು.
ಬುಟ್ಟಿ ಬೋರಲು. ನನಗೆ ಪುರುಸೊತ್ತು.

ಇಪ್ಪತ್ತೆರಡು ವರ್ಷ ಎಂಜಿನ್ನಿಗೆ ಎಣ್ಣೆ ಉಣಿಸಿದೆ.
ಸ್ಯಾಂಟೋಸ್ ಹೇಗಿತ್ತು? ಕ್ರೇನು.
ಡರ್ಬನ್? ಕ್ರೇನು, ಗಾಳಿ.
ಬುಸಾನ್? ಸಾಬೂನು ತಂದಿದ್ದೆನಲ್ಲ.
ಲೋಕ ಸುತ್ತಿದವನ ಹೆಂಡತಿ ಅನ್ನುತ್ತಾರೆ ನನ್ನನ್ನು ಮಾರ್ಕೆಟ್ಟಿನಲ್ಲಿ,
ನಾನು ತುಟಿ ಹೊಲಿದುಕೊಂಡು ಬಂಗಡೆ ಎಣಿಸುತ್ತೇನೆ.

ಈ ಸಲ ಹಾಗಾಗಬಾರದು.
ಕಾಜುಬಾಗಿಗೆ ಹೋಗಿದ್ದೆ, ಅರ್ಸುಲಾ ಟೀಚರ ಹತ್ತಿರ.
ಭೂಗೋಳ ಕಲಿಸಿ ನಿವೃತ್ತರಾದವರು, ಕನ್ನಡಕ ಹುಡುಕುವುದಕ್ಕೇ ಅರ್ಧ ತಾಸು.
ಅಟ್ಲಾಸಿನಲ್ಲಿ ನಿನ್ನ ಹ್ಯಾಂಬರ್ಗು ಒಂದು ಸಾಸಿವೆ.
ಸಮುದ್ರದ ದಂಡೆಗಿಲ್ಲ ಅದು, ಗೊತ್ತೇನು ನಿನಗೆ?
ಹೊಳೆಯೊಳಗೆ ನೂರು ಕಿಲೋಮೀಟರು ಹೋಗಬೇಕು,
ಕಾಳಿಯಲ್ಲಿ ಹಡಗು ಕದ್ರಾ ಅಣೆಕಟ್ಟನ್ನೂ ಹಾರಿ ಮೇಲೆ ಹೋದ ಹಾಗೆ.
ಉಬ್ಬರ ಇಳಿತ ಅಲ್ಲಿಯವರೆಗೂ ಬರುತ್ತದಂತೆ.
ಅಷ್ಟು ದೂರ ಊರು ನೋಡಲು ಹೋಗುವ ನೀರಿಗಿರುವ ಹುಚ್ಚು
ನಿನಗೆ ಇಲ್ಲವಲ್ಲ ಅಂದುಕೊಂಡೆ.

ಇನ್ನು ಲೆಕ್ಕ.
ಹನ್ನೊಂದು ತಾಸೆಂದರೆ ಹನ್ನೊಂದಲ್ಲ, ಮೀನು ಕತ್ತರಿಸುವವಳಿಗೆ ಇದು ಗೊತ್ತು.
ತಲೆ ತೆಗೆ: ಪಾಸು, ಸಹಿ, ಗೇಟಿನವನ ಮುಖ.
ಬಾಲ ತೆಗೆ: ಬಿಡುವ ಎರಡು ತಾಸು ಮೊದಲೇ ಹಡಗಿನಲ್ಲಿರಬೇಕು.
ಹುರುಪೆ ಕೆರೆ: ಸ್ವಲ್ಪ ನಿದ್ದೆ, ವ್ಯಾನಿಗೆ ಕಾಯುವುದು, ದಾರಿ ತಪ್ಪುವುದು,
ಮೂತ್ರಕ್ಕೆ ಜಾಗ ಹುಡುಕುವುದು.
ಉಳಿಯಿತು ನಾಲ್ಕು ತಾಸು ಮಾಂಸ.
ಕಡಿಮೆಯೇನಲ್ಲ. ನಾಲ್ಕು ತಾಸಿನಲ್ಲಿ ಮೂರು ಬುಟ್ಟಿ ತಾರ್ಲೆ ಮಾರಿದವಳು ನಾನು.

ಐದಕ್ಕೆ ಮೀನು ಮಾರ್ಕೆಟ್ಟು. ಭಾನುವಾರ ಮಾತ್ರ, ಬೆಳಗಿನ ಹೊತ್ತು ಮಾತ್ರ.
ಅಲ್ಲಿ ಗಂಡಸರು ಕೂಗಿ ಕೂಗಿ ಮಾರುತ್ತಾರಂತೆ,
ಒಂದು ಕೊಂಡರೆ ಇನ್ನೊಂದನ್ನು ಚೀಲಕ್ಕೆ ಎಸೆಯುತ್ತಾರಂತೆ.
ಆ ಕೂಗನ್ನು ಫೋನಿನಲ್ಲಿ ಹಿಡಿದು ತಾ.
ದರ ಕೇಳು. ಗಿರಾಕಿ ಕಿವಿರು ಎತ್ತಿ ನೋಡುತ್ತಾನೋ,
ಮುಖ ಸಿಂಡರಿಸಿ ಹೊರಟುಹೋಗುವ ನಾಟಕ ಆಡುತ್ತಾನೋ ನೋಡು.
ಮಂಜುಗಡ್ಡೆಯ ದುಡ್ಡು ಯಾರ ತಲೆಗೆ ಅನ್ನುವುದನ್ನೂ.

ಆಮೇಲೆ ಹೊಳೆಯ ತಳದಲ್ಲಿ ಒಂದು ಸುರಂಗ,
ನೂರು ವರ್ಷ ದಾಟಿದ್ದು. ನಡೆದೇ ಹೋಗಬಹುದು, ಟಿಕೆಟ್ಟಿಲ್ಲ.
ನಮ್ಮ ಕಾಳಿಯ ಹಳೇ ಸೇತುವೆ ಒಂದು ರಾತ್ರಿ ನೀರಿಗೆ ಕೂತಾಗಿನಿಂದ
ಸದಾಶಿವಗಡದ ಕಡೆ ಹೋಗುವಾಗ ನಾನು ಕಣ್ಣು ಮುಚ್ಚುತ್ತೇನೆ.
ನೀನು ಮುಚ್ಚಬೇಡ. ಸುರಂಗದ ನಟ್ಟನಡುವೆ ನಿಂತು ಮೇಲೆ ನೋಡು.
ಯಾವಾಗಲೂ ಹಡಗಿನ ಹೊಟ್ಟೆಯಲ್ಲಿರುವವ,
ಒಂದು ಸಲ ಹಡಗಿನ ಕೆಳಗೂ ಇರು,
ಎಣ್ಣೆ ಬೇರೆ ಯಾರಾದರೂ ಹಾಕಲಿ.

ಇಷ್ಟನ್ನೂ ಓದಿ ಹೇಳಿದೆ, ನಿನ್ನೆ ರಾತ್ರಿ.
ನೀನು ಮುಳ್ಳು ಬಿಡಿಸುತ್ತಾ ಅಂದೆ:
ನಾಲ್ಕರಿಂದ ಎಂಟು ನನ್ನ ಪಾಳಿ.

ದೀಪ ಆರಿಸಿದೆ.
ಎಷ್ಟೋ ಹೊತ್ತು ನಾನು ಮಾತಾಡಲಿಲ್ಲ, ನೀನೂ.

ಬೆಳಿಗ್ಗೆ ಎದ್ದು ಒಣ ಶೆಟ್ಲಿ ತೂಗಿದೆ, ಅರ್ಧ ಕಿಲೋ.
ನಿನ್ನ ಜೊತೆಯ ಆ ಫಿಲಿಪ್ಪೀನಿನವನು, ಹೆಸರೇನು, ರೊಮುಲೋ,
ಹೋದ ಸಲ ನನ್ನ ಡಬ್ಬಿ ಖಾಲಿ ಮಾಡಿ ಖಾರಕ್ಕೆ ಅತ್ತನಲ್ಲ,
ಅವನಿಗೆ ಕೊಡು. ಪಾಳಿ ಬದಲಿಸಿಕೋ.
ಅರ್ಧ ಕಿಲೋಗೆ ನಾಲ್ಕು ತಾಸು. ಚೌಕಾಸಿ ಮಾಡಿದರೆ
ಇನ್ನೊಂದು ಹಿಡಿ ಹಾಕು, ಅದರ ಮೇಲೆ ಬೇಡ.

ಮೂರು ಕವರು ಸುತ್ತಿ ಕಟ್ಟಿದ್ದೇನೆ. ಆದರೂ
ನಿನ್ನ ಅಂಗಿಗಳೆಲ್ಲ ವಾಸನೆ ಹಿಡಿಯುತ್ತವೆ.
ಹಿಡಿಯಲಿ. ಆ ಮಾರ್ಕೆಟ್ಟಿನವರಿಗೆ
ನೀನು ಯಾರ ಪೈಕಿಯೆಂದು ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ.